ಇಪ್ಪತ್ತೆಂಟು ಗುಣದ ಮಳೆಗಾಲ

ಮೊನ್ನೆ ಮಳೆಗೆ ಲೋಕಲ್ ನಿಂತು ಅರ್ಧ ಮುಂಬಯಿ ಎಲ್ಲೆಲ್ಲೋ ಸಿಕ್ಕಿಕೊಂಡ ದಿನ ಮಗಳು ಅದಿತಿ ಮಲಾಡಿನಿಂದ ಫೋನ್ ಮಾಡಿದಳು. ಊಟ ಆಯಿತಾ, ನೆನೆದೆಯಾ ಎಂದು ಕೇಳುವುದಕ್ಕೂ ಬಿಡದೆ ತನ್ನ ಕೆಲಸದ ಗೋಳು ಶುರು ಮಾಡಿದಳು. ಅವಳು ವೆಬ್ ಪುಟಗಳನ್ನು ಬರೆಯುವವಳು; ಜಾವಾಸ್ಕ್ರಿಪ್ಟ್ ಅವಳ ಹೊಟ್ಟೆಪಾಡಿನ ಭಾಷೆ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಆಡಲು ಹೋದರೆ ಮಾತ್ರ ನಾಲಗೆ ತೊಡರುತ್ತದೆ.

"ಅಮ್ಮಾ, ಏನೋ ಅಜೀಬ್ ಆಗ್ತಾ ಇದೆ. ನಾನು ಫಂಕ್ಷನ್ ಒಳಗೆ ಒಂದು ವೇರಿಯಬಲ್ ಚೇಂಜ್ ಮಾಡ್ದೆ. ಸಿರ್ಫ್ ಒಳಗೆ. ಆದ್ರೆ ಹೊರಗಡೆ ಇದ್ದಿದ್ದೂ ಚೇಂಜ್ ಆಗಿದೆ. ಪೇಜ್‌ನಲ್ಲಿ ಒಬ್ಬರ ಹೆಸರು, ಕೆಳಗೆ ಬೇರೆಯವರ ಡೀಟೇಲ್ಸ್. ಹೇಗೆ?"

ನಾನು ಕೆಲಸ ಬಿಟ್ಟು ಎಷ್ಟೋ ಮಳೆಗಾಲಗಳಾದವು. ಅವಳ ಜಾವಾಸ್ಕ್ರಿಪ್ಟ್ ನನಗೆ ಅಷ್ಟಕ್ಕಷ್ಟೇ. ಆದರೆ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರು ಬಂದು ಕೂತಿದ್ದಾರೆ ಎಂದಳಲ್ಲ, ಅದನ್ನು ಕೇಳಿದ್ದೇ ತಡ, ಮೂಗಿಗೆ ಒದ್ದೆ ಕಾರ್ಪೆಟ್ಟಿನ ವಾಸನೆ ಬಡಿಯಿತು. ಅದರ ಹಿಂದೆಯೇ ಪ್ರಿಂಟರ್ ರಿಬ್ಬನ್ನಿನ ಮಸಿ, ಬಾಗಿಲಾಚೆ ಬಿಟ್ಟ ಮಳೆಗಾಲದ ಚಪ್ಪಲಿಗಳ ರಬ್ಬರಿನ ಘಾಟು. ಒಳಗಿನ ಆ ಹೆಸರಿನ ಮುಂದೆ ಬರೆಯಬೇಕಾದ ಪದ ಬರೆದಿದ್ದೀಯಾ ನೋಡು ಎಂದೆ. ಆ ಕಡೆ ಕೀಲಿ ಒತ್ತುವ ಟಕಟಕ ಕೇಳಿಸಿತು. ಆಮೇಲೆ, ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟಳು. ನಾನು ಕಿಟಕಿಯ ಪಕ್ಕದಲ್ಲೇ ಕೂತಿದ್ದೆ, ಆದರೆ ಅಲ್ಲಿರಲಿಲ್ಲ. ಎಂಬತ್ತೊಂಬತ್ತರ ಮಳೆಗಾಲದಲ್ಲಿದ್ದೆ.

ಆಗ ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮೇಲೆ ಒಂದು ಕಂಪ್ಯೂಟರ್ ಕೋರ್ಸು ಮಾಡಿ, ತಲೆಯ ಮೇಲೆ ದೊಡ್ಡ ಕಿರೀಟವನ್ನೇ ಇಟ್ಟುಕೊಂಡು ಘಾಟ್ಕೋಪರ್‌ಗೆ ಬಂದಿಳಿದಿದ್ದೆ. ಒಂದು ಕೋಣೆ, ಒಂದು ಅಡುಗೆಮನೆಯ ಫ್ಲಾಟು. ಅದರಲ್ಲಿ ನಾನು, ನನ್ನ ಗಂಡ ಶ್ರೀಧರ, ಅವನ ಅಕ್ಕ ಕುಸುಮ. ಇಬ್ಬರನ್ನೂ ಎದುರಿಗೆ ನೀವು ಎಂದೇ ಕರೆಯುತ್ತೇನೆ. ಬರೆಯುವಾಗ ಮಾತ್ರ ಆ ಮರ್ಯಾದೆ ಕೈಗೆ ಬರುವುದಿಲ್ಲ.

ಕುಸುಮಕ್ಕ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರು. ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಓದಿಸಿ, ಕೆಲಸಕ್ಕೆ ಹಚ್ಚಿ, ಮದುವೆ ಮಾಡಿ, ಅವನ ಹೆಂಡತಿ ಬಂದ ದಿನವೇ ತನ್ನ ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡವಳು. ಮನೆಯಲ್ಲಿ ಅವಳದು ಎನ್ನುವಂಥದ್ದು ಒಂದು ಕಬ್ಬಿಣದ ಕಪಾಟು. ಅದರಲ್ಲೂ ಶ್ರೀಧರನ ಸ್ವೆಟರು, ನನ್ನ ರೇಷ್ಮೆ ಸೀರೆಗಳು, ಸೊಸೈಟಿಯ ಗಣಪತಿ ಪೆಂಡಾಲಿನ ಬಣ್ಣದ ಬಲ್ಬಿನ ಸರಗಳು. ಒಂದು ದಿನವೂ ಅವಳು ಅದಕ್ಕೆ ಬೀಗ ಹಾಕಿದ್ದನ್ನು ನೋಡಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಷ್ಟು ತಾಳ್ಮೆಯವರನ್ನು ಕಂಡರೆ ಆಗ ನನಗೆ ಅರ್ಥವೂ ಆಗುತ್ತಿರಲಿಲ್ಲ, ಸ್ವಲ್ಪ ರೇಗುತ್ತಲೂ ಇತ್ತು.

ಸ್ಟೇಷನ್ನಿನ ಹತ್ತಿರ ಹಸಮುಖ್‌ಭಾಯಿ ಎನ್ನುವವರು ಝೆರಾಕ್ಸ್ ಅಂಗಡಿಯ ಹಿಂದಿನ ಅರ್ಧಕ್ಕೆ ಗಾಜು ಹಾಕಿಸಿ, ಏಸಿ ಕೂರಿಸಿ, ಕಂಪ್ಯೂಟರ್ ಇಟ್ಟಿದ್ದರು. ನನಗೆ ಅಲ್ಲಿ ಕೆಲಸ ಸಿಕ್ಕಿತು. ಆ ಯಂತ್ರಕ್ಕೆ ದೇವರ ಮನೆಯ ಮಡಿ. ಚಪ್ಪಲಿ ಹೊರಗೆ, ಛತ್ರಿ ಹೊರಗೆ, ಕೆಮ್ಮು ಬಂದರೆ ಕೆಮ್ಮೂ ಹೊರಗೆ. ನಮ್ಮಲ್ಲಿ ವಿಳಾಸದ ಚೀಟಿಗಳು, ಸೊಸೈಟಿಗಳ ನೋಟಿಸು ಎಲ್ಲ ಅಚ್ಚಾಗುತ್ತಿದ್ದವು. ಆದರೆ ಜನ ಮುಗಿಬಿದ್ದದ್ದು ಕಂಪ್ಯೂಟರ್ ಸಾಲಾವಳಿಗೆ. ಹುಡುಗ ಹುಡುಗಿಯ ನಕ್ಷತ್ರ ಕೊಟ್ಟರೆ ಮೂವತ್ತಾರು ಗುಣದಲ್ಲಿ ಎಷ್ಟು ಕೂಡಿ ಬಂತು ಎಂದು ಪ್ರಿಂಟರು ಕಿರ್ ಕಿರ್ ಎಂದು ಹೇಳಿಬಿಡುತ್ತಿತ್ತು. ಹದಿನೆಂಟು ದಾಟಿದರೆ ಮದುವೆ, ಇಳಿದರೆ ಬೇರೆ ಕಡೆ ನೋಡಿ. ಗುಜರಾತಿಗಳು, ಮರಾಠಿಗಳು, ನಮ್ಮ ಕನ್ನಡದವರು ಎಲ್ಲ ಬರುತ್ತಿದ್ದರು. ಯಂತ್ರಕ್ಕೆ ಯಾರ ಮುಲಾಜೂ ಇಲ್ಲ ಎನ್ನುವುದು ಹಸಮುಖ್‌ಭಾಯಿಯ ಜಾಹೀರಾತು.

ಆ ಪ್ರೋಗ್ರಾಮನ್ನು ಡಿಬೇಸ್ ಎಂಬ ಆಗಿನ ಕಂಪ್ಯೂಟರ್ ಭಾಷೆಯಲ್ಲಿ ನಾನೇ ಬರೆದಿದ್ದೆ. ಪಂಚಾಂಗದ ಸಾಲಾವಳಿ ಪಟ್ಟಿಯ ಅಂಕಿಗಳನ್ನು ಒಂದೊಂದಾಗಿ ಒತ್ತಿ ತುಂಬಿದವಳೂ ನಾನೇ. ಬೆರಳು ಜೋಮು ಹಿಡಿದಿತ್ತು. ನಮ್ಮಲ್ಲಿ ಜಾತಕ ಹಿಡಿದುಕೊಂಡು ತಿರುಗುವವರು ಹೆಣ್ಣಿನ ಕಡೆಯವರು ತಾನೇ, ಹಾಗಾಗಿ ಮೊದಲು ಹುಡುಗಿಯ ವಿವರ, ಆಮೇಲೆ ಹುಡುಗನದು ಎಂದು ಕೇಳುವ ಹಾಗೆ ಬರೆದಿದ್ದೆ. ಕೆಲವರಿಗೆ ನಕ್ಷತ್ರವೇ ಗೊತ್ತಿರುತ್ತಿರಲಿಲ್ಲ, ಹುಟ್ಟಿದ ದಿನ ಮತ್ತು ಹೊತ್ತು ಮಾತ್ರ ಗೊತ್ತಿರುತ್ತಿತ್ತು. ಅಂಥವರಿಗೆ ನಕ್ಷತ್ರ ಹುಡುಕಿಕೊಡುವ ಒಂದು ಭಾಗವನ್ನು ಹಸಮುಖ್‌ಭಾಯಿಯ ಸೋದರಳಿಯ ಜಿಗ್ನೇಶ್ ಬೇರೆಯಾಗಿ ಬರೆದಿಟ್ಟು ಸೂರತ್ತಿಗೆ ಹೊರಟುಹೋಗಿದ್ದ. ಅದನ್ನು ಒಂಟಿಯಾಗಿ ನಡೆಸಿ ನೋಡಿದ್ದೆ, ಸರಿಯಾಗಿತ್ತು. ನನ್ನದನ್ನೂ ನೋಡಿದ್ದೆ, ಅದೂ ಸರಿಯಾಗಿತ್ತು. ಎರಡು ಸರಿಗಳನ್ನು ಸೇರಿಸಿದರೆ ಸರಿಯಲ್ಲದೆ ಇನ್ನೇನು ಬರುತ್ತದೆ ಎಂದು ಸೇರಿಸಿದೆ.

ಆ ಜೂನ್ ತಿಂಗಳಲ್ಲಿ ಕುಸುಮಕ್ಕ ಒಂದು ದಿನ ಚಪಾತಿ ಲಟ್ಟಿಸುತ್ತಾ, ತಲೆ ಎತ್ತದೆ, ಗುರುರಾಜರ ತಾಯಿ ಜಾತಕ ಕೇಳಿದ್ದಾರೆ ಎಂದಳು. ಗುರುರಾಜರು ಯಾರೆಂದು ನಮಗೆ ಗೊತ್ತಿತ್ತು. ಮಲಾಡಿನಲ್ಲಿ ಮನೆ, ಅಂಧೇರಿಯ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್, ಧಾರವಾಡದ ಕಡೆಯವರು. ಭಾನುವಾರ ಭಾನುವಾರ ಕನ್ನಡ ಸಂಘದ ಲೈಬ್ರರಿಯಲ್ಲಿ ಇಬ್ಬರೂ ಪುಸ್ತಕ ಕೊಡುವ ಕೆಲಸಕ್ಕೆ ಕೂರುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಒಂದು ಮನಸ್ಸಿನವರಲ್ಲ. ದಾದರಿನಲ್ಲಿ ಫಾಸ್ಟ್ ಲೋಕಲ್ಲಿಗೋ ಸ್ಲೋ ಲೋಕಲ್ಲಿಗೋ ಎಂದು ಯೋಚಿಸುತ್ತಾ ನಿಂತು ಎರಡನ್ನೂ ತಪ್ಪಿಸಿಕೊಳ್ಳುತ್ತಾರೆ ಎಂದು ಕುಸುಮಕ್ಕನೇ ನಗುತ್ತಾ ಹೇಳಿದ್ದಳು. ಮೂವತ್ತು ದಾಟಿದ ಕುಸುಮಕ್ಕ ಯಾರ ಬಗೆಗೂ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆ ಮದುವೆ ಆಗಲೇಬೇಕು ಎಂದು ನನಗೆ ಅವತ್ತೇ ಅನಿಸಿತು. ಅವಳಿಗಂತೂ ಅನಿಸಿಯೇ ಇತ್ತು, ಹೇಳುತ್ತಿರಲಿಲ್ಲ ಅಷ್ಟೆ.

ತೊಡಕಿದ್ದದ್ದು ಗುರುರಾಜರ ತಾಯಿ ಇಂದಿರಾಬಾಯಿಯ ಕಡೆಯಿಂದ. ಹಿರಿ ಮಗಳಿಗೆ ಜಾತಕ ನೋಡದೆ ಮದುವೆ ಮಾಡಿದ್ದರು, ಆ ಅಳಿಯ ವರ್ಷದೊಳಗೆ ತೀರಿಕೊಂಡಿದ್ದ. ಅಂದಿನಿಂದ ಅವರಿಗೆ ಹದಿನೆಂಟು ಗುಣ ಎಂದರೆ ಹದಿನೆಂಟು, ಅರ್ಧ ಕಡಿಮೆಯಾದರೂ ಒಲ್ಲೆ. ಮಗನ ಜಾತಕವೋ, ಹಳೆಯ ಚಾಳಿನ ಖೋಲಿಗೆ ನೀರು ನುಗ್ಗಿದಾಗ ಹಾಳಾಗಿತ್ತು. ಹುಟ್ಟಿದ ದಿನ ಮತ್ತು ಹೊತ್ತು ಅವರಿಗೆ ಬಾಯಲ್ಲೇ ಇತ್ತು.

ನಮ್ಮ ಬೀದಿಯ ರಾಮಕೃಷ್ಣ ಜೋಯಿಸರ ಹತ್ತಿರ ಮೊದಲು ಹೋದೆವು. ಉಡುಪಿಯ ಕಡೆಯವರು, ಮಾತು ಜೋರು, ತಮ್ಮ ಲೆಕ್ಕದ ಮೇಲೆ ಅವರಿಗೆ ಬಹಳ ಹೆಮ್ಮೆ. ಹಳೆಯ ಪಂಚಾಂಗ ತಿರುವಿ ಹುಡುಗನ ನಕ್ಷತ್ರ ಗುಣಿಸಿ, ಪಟ್ಟಿಯಲ್ಲಿ ಬೆರಳಾಡಿಸಿ, ಹದಿನಾಲ್ಕು ಎಂದುಬಿಟ್ಟರು. ಶ್ರೀಧರನ ಮುಖ ಸಣ್ಣದಾಯಿತು. ಕುಸುಮಕ್ಕ ಜೋಯಿಸರ ಹೆಂಡತಿ ಕೊಟ್ಟ ಕುಂಕುಮ ಹಚ್ಚಿಕೊಂಡು ಹೊರಗೆ ಬಂದಳು. ದಾರಿಯಲ್ಲಿ ಛತ್ರಿ ಬಿಡಿಸಲು ಮರೆತು ನೆನೆಯುತ್ತಾ ನಡೆದಳು, ನಾನು ಹೇಳಿದ ಮೇಲೆ ಬಿಡಿಸಿದಳು.

ಶ್ರೀಧರ ಇಂಜಿನಿಯರು. ಮನುಷ್ಯರ ಲೆಕ್ಕದ ಮೇಲೆ ಅವನಿಗೆ ನಂಬಿಕೆ ಕಡಿಮೆ. ನಿನ್ನ ಕಂಪ್ಯೂಟರಿನಲ್ಲಿ ಹಾಕು ಎಂದ. ಮಾರನೆಯ ದಿನ ಅಂಗಡಿಯಲ್ಲಿ ಹಾಕಿದೆ. ಹುಡುಗಿ: ಕುಸುಮ, ಸ್ವಾತಿ ನಕ್ಷತ್ರ. ಹುಡುಗ: ಗುರುರಾಜ, ನಕ್ಷತ್ರ ಗೊತ್ತಿಲ್ಲ, ಹುಟ್ಟಿದ ದಿನ ಇದು, ಹೊತ್ತು ಇದು. ಪ್ರಿಂಟರು ಅವಳ ಹೆಸರು, ಅವಳ ನಕ್ಷತ್ರ, ಅವರ ಹೆಸರು, ಅವರ ನಕ್ಷತ್ರ ಎಲ್ಲವನ್ನೂ ಬರೆದು ಕೊನೆಗೆ ಇಪ್ಪತ್ತೆಂಟು ಎಂದು ಬರೆಯಿತು. ನಾನು ಕೂಗಿಕೊಳ್ಳುವುದೊಂದು ಬಾಕಿ. ಹಸಮುಖ್‌ಭಾಯಿ ಎಲ್ಲರಿಗೂ ಚಹಾ ತರಿಸಿದರು.

ಮನೆಯಲ್ಲಿ ಹಬ್ಬ. ಶ್ರೀಧರ ಕಾಗದವನ್ನು ಬೆಳಕಿಗೆ ಹಿಡಿದು ಒಂದು ಸಿದ್ಧಾಂತವನ್ನೇ ಮಂಡಿಸಿದ: ಇಪ್ಪತ್ತೆಂಟು ಎಂದರೆ ಸರಿಯಾಗಿ ಹದಿನಾಲ್ಕರ ಎರಡರಷ್ಟು, ಹಾಗಾಗಿ ಜೋಯಿಸರು ಅರ್ಧ ಲೆಕ್ಕ ಮಾಡಿ ನಿಲ್ಲಿಸಿಬಿಟ್ಟಿದ್ದಾರೆ. ಇಂಜಿನಿಯರುಗಳು ಒಮ್ಮೊಮ್ಮೆ ಎಷ್ಟು ಧೈರ್ಯವಾಗಿ ಪೆದ್ದರಾಗುತ್ತಾರೆ ಎಂದು ಆಗ ನಾನು ಯೋಚಿಸಲಿಲ್ಲ. ನನಗೂ ಅದು ನಿಜ ಎಂದೇ ತೋರಿತು. ಮಲಾಡಿಗೆ ಸುದ್ದಿ ಹೋಯಿತು. ಇಂದಿರಾಬಾಯಿ ಒಪ್ಪಿದರು. ದಸರಾ ಕಳೆದ ಮೇಲೆ ನಿಶ್ಚಿತಾರ್ಥ ಎಂದಾಯಿತು. ಆ ಭಾನುವಾರ ಕುಸುಮಕ್ಕ ತನ್ನ ಕಪಾಟಿನಿಂದ ಬಲ್ಬಿನ ಸರಗಳನ್ನು ತೆಗೆದು ಸೊಸೈಟಿಯ ಆಫೀಸಿಗೆ ಕೊಟ್ಟು ಬಂದಳು. ಒಂದು ಖಾನೆ ಖಾಲಿಯಾಯಿತು. ಅದರಲ್ಲಿ ಅವಳೇನೂ ಇಡಲಿಲ್ಲ, ಆಗಾಗ ಬಾಗಿಲು ತೆಗೆದು ನೋಡುತ್ತಿದ್ದಳು.

ಪಾಪ ಎನಿಸಿದ್ದು ಜೋಯಿಸರನ್ನು ಕಂಡು. ಅವರು ಮೂರು ಸಲ ಲೆಕ್ಕ ಹಾಕಿ ನೋಡಿದರಂತೆ. ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ತರಕಾರಿ ಅಂಗಡಿಯಲ್ಲಿ ಸಿಕ್ಕಿ, ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿ ಮಾಡಿಕೊಳ್ಳುತ್ತಾ, "ಕನ್ನಡಕ ಬದಲಾಯಿಸಿದೆ ಮಾರಾಯ್ತಿ. ಆದ್ರೂ ಅಲ್ಲಿ ಹದಿನಾಲ್ಕೇ ಕಾಣುವುದು. ನಿನ್ನ ಯಂತ್ರಕ್ಕೆ ಎಂತ ಕಾಣ್ತದೋ ನಂಗೊತ್ತಿಲ್ಲ" ಎಂದರು. ನಾನು ನಕ್ಕೆ. ಆದರೆ ಆ ನಗು ಮನೆಯ ತನಕ ಬರಲಿಲ್ಲ. ಮನುಷ್ಯ ತಪ್ಪಿದರೆ ಒಂದೆರಡು ತಪ್ಪುತ್ತಾನೆ, ಹದಿನಾಲ್ಕು ಹೇಗೆ ತಪ್ಪುತ್ತಾನೆ?

ಆಷಾಢ ಮುಗಿದು ಮದುವೆಯ ಮಾತುಗಳು ಮತ್ತೆ ಶುರುವಾಗುವ ಹೊತ್ತಿಗೆ ಅಂಗಡಿಯಲ್ಲಿ ಜನವೋ ಜನ. ಒಂದು ಮಧ್ಯಾಹ್ನ ಒಬ್ಬ ಮರಾಠಿ ತಂದೆ ಬಂದರು. ಹುಡುಗನ ನಕ್ಷತ್ರ ಗೊತ್ತಿರಲಿಲ್ಲ, ದಿನ ಹೊತ್ತು ಕೊಟ್ಟರು. ಇಪ್ಪತ್ತೆಂಟು ಬಂತು. ಅವರು ಕೈ ಮುಗಿದು ಹೋದರು. ನಾನು ಕಾಗದದ ಅಂಚಿನ ತೂತು ಪಟ್ಟಿಯನ್ನು ಹರಿಯುತ್ತಾ ಕೂತೆ. ಮತ್ತೆ ಇಪ್ಪತ್ತೆಂಟು. ಏನೋ ಕೈಗೆ ಸಿಕ್ಕ ಹಾಗೆ ಆಗುವುದು, ಸಿಗದೆ ಜಾರುವುದು.

ಗಿರಾಕಿಗಳಿಲ್ಲದ ಹೊತ್ತು ನೋಡಿ ನನ್ನನ್ನೂ ಬಿಲ್ಡಿಂಗಿನ ವಾಚ್‌ಮನ್ನನ್ನೂ ಸೇರಿಸಿದೆ. ವಾಚ್‌ಮನ್ ತನ್ನ ಹುಟ್ಟಿದ ದಿನ ಹೊತ್ತು ಎರಡನ್ನೂ ಅಂದಾಜಿನಲ್ಲಿ ಹೇಳಿದ. ಇಪ್ಪತ್ತೆಂಟು. ಹುಡುಗಿಯ ಜಾಗದಲ್ಲಿ ಜೋಯಿಸರನ್ನು ಕೂರಿಸಿ, ಹುಡುಗನ ಜಾಗದಲ್ಲಿ ಹಸಮುಖ್‌ಭಾಯಿಯನ್ನು ಕೂರಿಸಿದೆ. ಅವರಿಬ್ಬರಿಗೂ ಇಪ್ಪತ್ತೆಂಟು. ಹಸಮುಖ್‌ಭಾಯಿ ಆ ಕಾಗದ ನೋಡಿ, ಹಾಗಾದರೆ ಮಂಟಪ ಎಲ್ಲಿ ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಎರಡು ನಕ್ಷತ್ರವನ್ನೂ ನೇರವಾಗಿ ಒತ್ತಿದರೆ ಬೇರೆ ಬೇರೆ ಅಂಕಿ ಬರುತ್ತದೆ, ಪಂಚಾಂಗಕ್ಕೆ ಸರಿಹೊಂದುತ್ತದೆ. ಹುಡುಗನ ದಿನ ಹೊತ್ತು ಕೊಟ್ಟರೆ ಮಾತ್ರ ಇಪ್ಪತ್ತೆಂಟು. ಆದರೆ ಜಿಗ್ನೇಶನ ಭಾಗ ಹುಡುಕಿಕೊಡುವ ನಕ್ಷತ್ರವೂ ಸರಿಯಾಗಿಯೇ ಇದೆ. ಕಾಗದದ ಮೇಲ್ಗಡೆ ಎಲ್ಲ ಸರಿ, ಕೆಳಗಡೆ ಎಲ್ಲ ತಪ್ಪು. ತಲೆ ಕೆಟ್ಟು ಹೋಯಿತು. ಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಹಾಕಿದೆ, ಶ್ರೀಧರನ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ, ಅವನೂ ಸುಮ್ಮನಿರಲಿಲ್ಲ. ಕುಸುಮಕ್ಕ ನಡುವೆ ಬಂದು ಇಬ್ಬರ ತಟ್ಟೆಗೂ ಮಜ್ಜಿಗೆ ಹಾಕಿ ಸುಮ್ಮನಾಗಿಸಿದಳು. ಅವಳ ಮುಖ ನೋಡುವುದಕ್ಕೆ ನನಗೆ ಆಗುತ್ತಿರಲಿಲ್ಲ.

ಹೊಳೆದದ್ದು ಒಂದು ಭಾರಿ ಮಳೆಯ ದಿನ. ಅಂಗಡಿಯ ಕಾರ್ಪೆಟ್ಟಿನ ಅಂಚಿಗೆ ನೀರು ಬಂ‌ದಿತ್ತು, ಒಬ್ಬ ಗಿರಾಕಿಯೂ ಇರಲಿಲ್ಲ. ಆ ಸಾಲಾವಳಿ ಪಟ್ಟಿಯನ್ನು ತುಂಬಿದವಳು ನಾನೇ ಅಲ್ಲವೇ? ಪಟ್ಟಿಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಇಳಿಯುವ ಸಾಲಿನಲ್ಲಿ, ಒಂದು ನಕ್ಷತ್ರ ತನ್ನನ್ನೇ ಸಂಧಿಸುವ ಕಡೆಯಲ್ಲೆಲ್ಲ, ಇಪ್ಪತ್ತೆಂಟು ಎಂದಿತ್ತು. ತುಂಬುವಾಗ ಆ ಮನೆಗಳು ಬಂದರೆ ನೋಡದೆ ಒತ್ತಬಹುದಲ್ಲ ಎಂದು ಹಾಯೆನಿಸುತ್ತಿದ್ದದ್ದು ನೆನಪಾಯಿತು. ಎಂದರೆ ಯಂತ್ರ ಎರಡು ನಕ್ಷತ್ರಗಳನ್ನು ಕೂಡಿಸುತ್ತಲೇ ಇಲ್ಲ. ಒಂದನ್ನೇ ಅದರ ಜೊತೆಗೆ ಕೂಡಿಸುತ್ತಿದೆ.

ಆಮೇಲೆ ಪ್ರೋಗ್ರಾಮಿನ ಪ್ರತಿ ಸಾಲಿನ ಮುಂದೆಯೂ ಕುಸುಮಕ್ಕನ ನಕ್ಷತ್ರ ಏನಿದೆ ಎಂದು ಪರದೆಯ ಮೇಲೆ ತೋರಿಸುವ ಹಾಗೆ ಮಾಡಿ, ಒಂದೊಂದೇ ಹೆಜ್ಜೆ ನಡೆಸಿದೆ. ಸ್ವಾತಿ ಹದಿನೈದನೆಯ ನಕ್ಷತ್ರ. ಹದಿನೈದು, ಹದಿನೈದು, ಹದಿನೈದು. ಜಿಗ್ನೇಶನ ಭಾಗದ ಒಳಗೆ ಹೋಗಿ ಹೊರಗೆ ಬಂತು. ಹದಿನೈದು ಇರಲಿಲ್ಲ. ಅಲ್ಲಿ ಗುರುರಾಜರ ನಕ್ಷತ್ರದ ಅಂಕಿ ಕೂತಿತ್ತು.

ವೇರಿಯಬಲ್ ಎಂದರೆ ಹೆಚ್ಚೇನಿಲ್ಲ, ಹೆಸರು ಅಂಟಿಸಿದ ಒಂದು ಡಬ್ಬ. ಒಂದು ಸಲಕ್ಕೆ ಒಂದೇ ವಸ್ತು ಹಿಡಿಯುತ್ತದೆ, ಹೊಸದು ಹಾಕಿದರೆ ಹಳೆಯದು ಹೋಯಿತು. ನಾನು ಹುಡುಗಿಯ ನಕ್ಷತ್ರವನ್ನು ಎನ್ ಎಂಬ ಡಬ್ಬದಲ್ಲಿ ಇಟ್ಟಿದ್ದೆ. ಜಿಗ್ನೇಶನೂ ತನ್ನ ಭಾಗದೊಳಗಿನ ಲೆಕ್ಕಕ್ಕೆ ಎನ್ ಎಂಬ ಡಬ್ಬವನ್ನೇ ಬಳಸಿದ್ದ. ಅವನ ಭಾಗವನ್ನು ಒಂಟಿಯಾಗಿ ನಡೆಸಿದರೆ ಡಿಬೇಸ್ ಅವನಿಗೆ ಹೊಸ ಡಬ್ಬ ಕೊಟ್ಟು, ಕೆಲಸ ಮುಗಿದೊಡನೆ ಅದನ್ನು ಎಸೆಯುತ್ತಿತ್ತು. ಆದರೆ ಅವನ ಭಾಗವನ್ನು ಕರೆಸಿಕೊಂಡವರ ಮನೆಯಲ್ಲಿ, ಎಂದರೆ ನನ್ನ ಪ್ರೋಗ್ರಾಮಿನಲ್ಲಿ, ಆ ಹೆಸರಿನ ಡಬ್ಬ ಆಗಲೇ ಇದ್ದರೆ, ಕೇಳದೆ ಹೇಳದೆ ಅದನ್ನೇ ಎಳೆದುಕೊಂಡು ತನ್ನದನ್ನು ತುಂಬಿಬಿಡುತ್ತಿತ್ತು. ಕುಸುಮಕ್ಕನ ಕಪಾಟಿನ ಹಾಗೆ. ಇದು ನನ್ನದು, ಹೊರಗಿನದನ್ನು ಮುಟ್ಟಬೇಡ ಎನ್ನುವುದಕ್ಕೆ ಒಳಗಡೆ ಮೊದಲೇ ಪ್ರೈವೇಟ್ ಎಂದು ಒಂದು ಪದ ಬರೆಯಬೇಕಿತ್ತು. ನಮ್ಮ ಕೋರ್ಸಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ, ಬಹುಶಃ ಜಿಗ್ನೇಶನಿಗೂ; ಅವತ್ತು ಡಿಬೇಸ್ ಪುಸ್ತಕ ತಿರುವಿದಾಗ ನನ್ನ ಕಣ್ಣಿಗೆ ಬಿತ್ತು. ಹುಡುಗಿಯ ನಕ್ಷತ್ರ ಒತ್ತಿದೊಡನೆ ಕಾಗದದ ಮೇಲ್ಗಡೆ ಅಚ್ಚಾಗಿಬಿಡುತ್ತಿದ್ದರಿಂದ ಅಲ್ಲಿ ತಪ್ಪು ಕಾಣುತ್ತಿರಲಿಲ್ಲ. ಆದರೆ ಗುಣ ಕೂಡುವ ಹೊತ್ತಿಗೆ, ಮೊದಲು ಬಂದು ಕೂತ ಹುಡುಗಿ ಅಳಿಸಿಹೋಗುತ್ತಿದ್ದಳು, ಹುಡುಗನಿಗೆ ಹುಡುಗನನ್ನೇ ಜೋಡಿ ಮಾಡಿ ಯಂತ್ರ ಮಂಗಳ ಹಾಡುತ್ತಿತ್ತು.

ಆ ಪದ ಬರೆದೆ. ಮತ್ತೆ ನಡೆಸಿದೆ. ಹದಿನಾರು ಬಂತು.

ಹದಿನಾಲ್ಕೂ ಅಲ್ಲ, ಇಪ್ಪತ್ತೆಂಟೂ ಅಲ್ಲ. ಪಂಚಾಂಗದ ಪಟ್ಟಿಯಲ್ಲೂ ಹದಿನಾರೇ ಇತ್ತು; ಜೋಯಿಸರು ಪ್ರತಿ ಸಲವೂ ಹುಡುಗನ ಸಾಲಿನಲ್ಲಿ ಹುಡುಗಿಯನ್ನು ಹುಡುಕಿದ್ದಿರಬೇಕು. ಅವರದ್ದೂ ಪೂರ್ತಿ ಸರಿಯಿರಲಿಲ್ಲ, ನನ್ನದಂತೂ ಇರಲೇ ಇಲ್ಲ. ಎಷ್ಟು ಹೊತ್ತು ಆ ಅಂಕಿಯನ್ನು ನೋಡುತ್ತಾ ಕೂತಿದ್ದೆನೋ. ಹದಿನೆಂಟಕ್ಕೆ ಇನ್ನು ಎರಡೇ ಎರಡು. ಮರಾಠಿ ತಂದೆಯನ್ನು ಕರೆಸಿ ಬೇರೆ ಕಾಗದ ಕೊಡಬಹುದು, ಅದು ಸುಲಭ. ಕುಸುಮಕ್ಕನಿಗೆ ಏನು ಹೇಳುವುದು? ಹೇಳದೆ ಇದ್ದರೆ ಮದುವೆ ಆಗುತ್ತದೆ. ಹೇಳಿದರೆ ಆ ಖಾಲಿ ಖಾನೆಗೆ ಬಲ್ಬಿನ ಸರ ವಾಪಸು ಬರುತ್ತದೆ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಆ ಪರದೆಯ ಎದುರು ಅತ್ತುಬಿಟ್ಟೆ. ಹಸಮುಖ್‌ಭಾಯಿ ಗಾಜಿನಾಚೆಯಿಂದ ನೋಡಿ ಅಂಗಡಿಗೆ ನೀರು ನುಗ್ಗಿದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡರು.

ಹೇಳದೆ ಇರುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ನನ್ನ ಮುಖವೇ ಡಂಗುರ ಸಾರುತ್ತದೆ. ಮರುದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ ಕುಸುಮಕ್ಕನನ್ನು ಅಂಗಡಿಗೆ ಕರೆತಂದೆ. ಅವಳು ಚಪ್ಪಲಿ ಬಿಟ್ಟು, ಒದ್ದೆ ಸೆರಗು ಹಿಂಡಿಕೊಂಡು, ಏಸಿಯ ಚಳಿಗೆ ಮುದುರಿ ನನ್ನ ಪಕ್ಕ ಕೂತಳು. ಎಲ್ಲ ತೋರಿಸಿದೆ. ಹದಿನೈದು ಇದ್ದದ್ದು, ಒಳಗೆ ಹೋಗಿ ಬಂದದ್ದು, ಇಲ್ಲದ್ದಾದದ್ದು. ಮಕ್ಕಳಿಗೆ ಪಾಠ ಹೇಳಿ ರೂಢಿಯಾದವಳು, ಎರಡನೆಯ ಸಲ ಕೇಳುವ ಅಗತ್ಯವೇ ಬರಲಿಲ್ಲ. ನಿನ್ನದೂ ಶ್ರೀಧರನದೂ ಹಾಕು ಎಂದಳು. ಹಾಕಿದೆ. ನಮ್ಮಿಬ್ಬರ ನಕ್ಷತ್ರವೂ ಗೊತ್ತಿದ್ದದ್ದರಿಂದ ಎಲ್ಲಿಯೂ ತೊಡಕಿರಲಿಲ್ಲ. ಮೈಸೂರಿನಲ್ಲಿ ಹೇಳಿದ್ದಷ್ಟೇ ಬಂತು, ಮೂವತ್ತು.

"ಮೂವತ್ತು ಬಂದವರು ನೀವು ಹೀಗಿದ್ದೀರಿ" ಎಂದಳು ಕುಸುಮಕ್ಕ. "ಹದಿನಾರು ಬಂದವರು ಇನ್ನೆಷ್ಟು ಕೆಟ್ಟುಹೋಗ್ತಾರೆ?"

ಮೊದಲ ಸಲ ಅವಳ ಮಾತಿನಿಂದ ನನಗೆ ಚುರುಕ್ ಎಂದಿತು, ನಗುವೂ ಬಂತು. ಹಾಗಾದರೆ ಮಲಾಡಿನವರಿಗೆ ಹೇಳುವುದು ಬೇಡವೇ ಎಂದು ಕೇಳಿದೆ. ಅವಳು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

ಭಾನುವಾರ ಇಬ್ಬರೂ ಹೊರಟೆವು. ಶ್ರೀಧರ ಬೇಡ ಬೇಡ ಎಂದ. ಆದದ್ದು ಆಯಿತು, ಯಂತ್ರ ಒಮ್ಮೆ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವುದು ಯಾವ ನ್ಯಾಯ ಎಂದ. ಕುಸುಮಕ್ಕ ಛತ್ರಿ ಎತ್ತಿಕೊಂಡಳು. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ವೆಸ್ಟರ್ನ್ ಲೈನಿನ ಲೋಕಲ್ ಹಿಡಿದೆವು. ಲೇಡೀಸ್ ಡಬ್ಬಿಯ ಬಾಗಿಲಿಂದ ಎರಚಲು ಹೊಡೆಯುತ್ತಿತ್ತು. ಅವಳ ಕೈ ನನ್ನ ಕೈಯಲ್ಲಿತ್ತು, ತಣ್ಣಗಿತ್ತು. ಮಾಹೀಮಿನ ಹತ್ತಿರ ಒಮ್ಮೆ ಮಾತ್ರ, ಇಂದಿರಾಬಾಯಿ ಬೇಡ ಎಂದರೆ ನಾನು ಲೈಬ್ರರಿಗೆ ಹೋಗುವುದನ್ನೂ ಬಿಡಬೇಕಾಗುತ್ತದೆ ಲಲಿತಾ ಎಂದಳು. ಅಷ್ಟೇ.

ಮಲಾಡಿನಲ್ಲಿ ಗುರುರಾಜರು ನಮ್ಮನ್ನು ಕರೆದೊಯ್ಯಲು ಬರುತ್ತೇನೆಂದಿದ್ದರು. ಪೂರ್ವದ ಬಾಗಿಲಲ್ಲಿ ನಿಲ್ಲುವುದೋ ಪಶ್ಚಿಮದ ಬಾಗಿಲಲ್ಲಿ ನಿಲ್ಲುವುದೋ ಎಂದು ಅವರು ಸೇತುವೆಯ ಮೇಲೆ ಓಡಾಡುತ್ತಿದ್ದಾಗ ನಾವು ಹೊರಗೆ ಬಂದು ರಿಕ್ಷಾ ಹಿಡಿದಿದ್ದೆವು. ಅವರು ಆಮೇಲೆ ತೊಯ್ದು ತೊಪ್ಪೆಯಾಗಿ ಬಂದು ಬಾಗಿಲಲ್ಲಿ ನಿಂತರು. ಒಳಗೆ ಕುಸುಮಕ್ಕ ಆಗಲೇ ಮಾತು ಶುರು ಮಾಡಿದ್ದಳು.

ನಾನು ಡಬ್ಬ, ಪ್ರೈವೇಟ್ ಎಂದೆಲ್ಲ ವಿವರಿಸಲು ಹೋದೆ. ಇಂದಿರಾಬಾಯಿ ಕೈ ಅಡ್ಡ ಹಿಡಿದು, ಕುಸುಮಕ್ಕನ ಕಡೆ ನೋಡಿ, ನೀ ಹೇಳವಾ ಎಂದರು.

"ಆ ಇಪ್ಪತ್ತೆಂಟು ಸುಳ್ಳು. ಅದು ಇವರಿಗೆ ಇವರನ್ನೇ ಕೂಡಿಸಿ ಬಂದಿದ್ದು. ಅದರಲ್ಲಿ ನಾನಿಲ್ಲ" ಎಂದಳು ಕುಸುಮಕ್ಕ. ಹೊಸದಾಗಿ ಅಚ್ಚಾದ ಕಾಗದವನ್ನು ಅವರ ಮುಂದಿಟ್ಟಳು. "ನಿಜವಾಗಿ ಬಂದಿದ್ದು ಹದಿನಾರು. ಅದರಲ್ಲಿ ನಾನಿದ್ದೀನಿ. ಬೇಕು ಅಂದ್ರೆ ಅದನ್ನೇ ತಗೊಳ್ಳಿ. ನಾನಿಲ್ಲದ ಲೆಕ್ಕಕ್ಕೆ ನಾನು ಸೊಸೆಯಾಗಿ ಬರೋದಿಲ್ಲ."

ಇಂದಿರಾಬಾಯಿ ಕಾಗದವನ್ನು ಮುಟ್ಟಲೂ ಇಲ್ಲ. ಮಗನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಇವಂಗ ಇವನ ಜೋಡಿನ ಇಪ್ಪತ್ತೆಂಟು ಗುಣಾ ಕೂಡ್ತಾವ ಅಂತದೇನು ನಿಮ್ಮ ಮಶೀನು? ಇವ ತನ್ನ ಜೋಡಿ ತಾ ಒಂದ ದಿನಾನೂ ಹೊಂದಿಕೊಂಡಿದ್ದು ನಾ ಕಂಡಿಲ್ಲ. ಅದು ಸುಳ್ಳ ಅಂತ ನೀವು ಹೇಳೂಕಿಂತ ಮೊದಲ ನನಗ ತಿಳೀಬೇಕಾಗಿತ್ತು."

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ಹಿರಿ ಮಗಳ ನೆನಪೋ ಏನೋ. ಆಮೇಲೆ ಮಗನನ್ನು, ನಿಂದೇನು ಮಾತು ಗುರು ಎಂದು ಕೇಳಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಈ ಮನುಷ್ಯ ಈಗ ಕಿಟಕಿಗೆ ಹೋಗುತ್ತಾರೆ, ಕನ್ನಡಕ ಒರೆಸುತ್ತಾರೆ, ವಿಚಾರ ಮಾಡಿ ಹೇಳುತ್ತೇನೆ ಎನ್ನುತ್ತಾರೆ, ಅಷ್ಟರಲ್ಲಿ ಎರಡು ಲೋಕಲ್ಲೂ ಹೋಗಿರುತ್ತವೆ.

ತಲೆಯಿಂದ ನೀರು ಸುರಿಯುತ್ತಿದ್ದ ಹಾಗೆಯೇ ಗುರುರಾಜರು, "ಹದಿನಾರ ಸಾಕವ್ವಾ" ಎಂದರು.

ಕುಸುಮಕ್ಕ ತಲೆ ಎತ್ತಿ ನೋಡಿದಳು. ಇಂದಿರಾಬಾಯಿ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಇವ ಇಷ್ಟು ಲಗೂ ಮಾತಾಡಿದ್ದು ಇದ ಮೊದಲು ಎಂದು ಗೊಣಗುತ್ತಾ ಎದ್ದು ಒಳಗೆ ಹೋದರು. ಒಳಗಿಂದ ಡಬ್ಬ ತೆಗೆಯುವ ಸದ್ದು, ಅವಲಕ್ಕಿಗೆ ಒಗ್ಗರಣೆ ಬಿದ್ದ ವಾಸನೆ. ನಾವು ಮೂವರೂ ಹೊರಗೆ ಕೂತಿದ್ದೆವು. ಒಪ್ಪಿಗೆಯೋ, ಬಂದವರಿಗೆ ಕೊಡುವ ಬರೀ ಉಪಚಾರವೋ ಗೊತ್ತಾಗದೆ ನಾನು ಆ ಅವಲಕ್ಕಿಯನ್ನು ತಿಂದೆ. ರಸ್ತೆಗೆ ಇಳಿದ ಮೇಲೂ ಗೊತ್ತಾಗಲಿಲ್ಲ. ಗಣಪತಿ ಹಬ್ಬ ಬಂತು, ಹೋಯಿತು. ಬಲ್ಬಿನ ಸರಗಳನ್ನು ಸೊಸೈಟಿಯವರು ವಾಪಸು ಇಡಲು ತಂದಾಗ ಕುಸುಮಕ್ಕ, ಇಲ್ಲಿ ಜಾಗವಿಲ್ಲ ಎಂದು ಹೇಳಿ ಕಳಿಸಿದಳು. ಆ ಖಾನೆ ಖಾಲಿಯೇ ಇತ್ತು.

ಫೋನ್ ಮತ್ತೆ ಬಡಿದುಕೊಂಡಾಗ ಇಷ್ಟು ದೂರ ಹೋಗಿದ್ದೆ. ಅದಿತಿ ಗೆದ್ದ ಧ್ವನಿಯಲ್ಲಿ, ಹೌದಮ್ಮ, ಒಳಗಿನ ಹೆಸರಿನ ಮುಂದೆ ಲೆಟ್ ಅಂತ ಬರೆಯುವುದು ಬಿಟ್ಟುಹೋಗಿತ್ತು, ಈಗ ಸರಿಹೋಯಿತು ಎಂದಳು. ಅದೊಂದು ಪದ ಇಲ್ಲದಿದ್ದರೆ ಒಳಗಿನದು ಹೊರಗಿನದನ್ನು ತಿಂದುಹಾಕುತ್ತದೆ, ಹೀಗೆ ಯಾಕೆ ಮಾಡಿಟ್ಟಿದ್ದಾರೆ ಎಂದು ಕೇಳಿದಳು. ನನಗೂ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಇಷ್ಟು ವರ್ಷ ಕಳೆದು, ಯಂತ್ರಗಳು ಬದಲಾಗಿ, ಭಾಷೆಗಳು ಬದಲಾಗಿ, ಮತ್ತೆ ಅದೇ ಜಾಗದಲ್ಲಿ ಅದೇ ತಪ್ಪು ಹೇಗೆ ಕಾದು ಕೂತಿರುತ್ತದೆ ಎನ್ನುವುದೂ ಅರ್ಥವಾಗಿಲ್ಲ. ಮಳೆ ನಿಲ್ಲುವ ತನಕ ಇಲ್ಲೇ ಇರುತ್ತೇನೆ, ಅತ್ತೆ ಮಾತಾಡಬೇಕಂತೆ ಎಂದು ಫೋನ್ ಕೊಟ್ಟಳು.

"ಏನಾಗಿತ್ತಂತೆ ಮಗೂಗೆ?" ಎಂದಳು ಕುಸುಮಕ್ಕ. ವಯಸ್ಸಾಗಿ ಧ್ವನಿ ಒರಟಾಗಿದೆ. "ನನಗಾಗಿದ್ದೇನಾ?"

ಅದೇ ಎಂದೆ. ಹೊರಗಿದ್ದವರ ಜಾಗದಲ್ಲಿ ಒಳಗಿನವರು ಬಂದು ಕೂತಿದ್ದರಂತೆ ಎಂದೆ.

"ಎಬ್ಬಿಸಿದಳಂತಾ?"

ಎಬ್ಬಿಸಿದಳಂತೆ ಎಂದೆ. ಹಾಗಾದರೆ ಸರಿ ಎಂದು, ಫೋನನ್ನು ಕೆಳಗಿಡದೆಯೇ ಯಾರಿಗೋ, ಎರಚಲು ಒಳಗೆ ಬರುತ್ತಿದೆ, ಕಿಟಕಿ ನೋಡಿ ಎಂದಳು. ಆ ಕಡೆಯಿಂದ ಗುರುರಾಜರ ಧ್ವನಿ ಕೇಳಿಸಿತು. ಪೂರ್ತಿ ಮುಚ್ಚಲೋ, ಅರ್ಧ ಬಿಡಲೋ ಎಂದು ಕೇಳುತ್ತಿದ್ದರು. ಅವಳು ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಅಷ್ಟು ಹೊತ್ತೂ ಮಳೆಯ ಸದ್ದು ನನಗೆ ಕೇಳುತ್ತಲೇ ಇತ್ತು; ಅವರು ಕಿಟಕಿಯ ಹತ್ತಿರ ನಿಂತು ಅವಳು ಹೇಳುವುದನ್ನು ಕಾಯುತ್ತಿದ್ದರು.